ತುಂಡಾದ ಬೋಲ್ಟು, ಕಚ್ಚಿ ಹಿಡಿದ ಹೆಡ್ಡು

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕಾಸರಗೋಡು ಸೀಮೆಯ ಅಡಿಕೆ ತೋಟಗಳಲ್ಲಿ ನೀರಿನ ಚಿಂತೆ ಶುರುವಾಗುತ್ತದೆ. ನವೆಂಬರ್-ಡಿಸೆಂಬರ್ ತಿಂಗಳುಗಳಲ್ಲಿ ಏಳೆಂಟು ದಿನಗಳಿಗೊಮ್ಮೆ, ಜನವರಿ-ಫೆಬ್ರವರಿಯಲ್ಲಿ ಆರು ದಿನಗಳಿಗೊಮ್ಮೆ, ಮಾರ್ಚ್‌ನಿಂದ ಮೇ ತನಕ ಮೂರರಿಂದ ಐದು ದಿನಗಳಿಗೊಮ್ಮೆ ಮರವೊಂದಕ್ಕೆ ಸುಮಾರು 175 ಲೀಟರ್ ನೀರು ಕೊಡಬೇಕೆಂಬುದು ಕೃಷಿ ವಿಜ್ಞಾನಿಗಳು ಹೇಳುವ ಲೆಕ್ಕ. 500 ಮರಗಳಿರುವ ತೋಟಕ್ಕೆ ಒಂದು ಸರದಿಗೇ 87,500 ಲೀಟರ್ ಆಯಿತು. ಕೊಡದಲ್ಲಿ ಹೊತ್ತು ಹಾಕುವ ನೀರಲ್ಲ ಇದು. ವಿದ್ಯುತ್ ಪಂಪು ಇದ್ದವರೂ ಕರೆಂಟು ಕೈಕೊಟ್ಟಾಗ ಮೊರೆ ಹೋಗುವುದು ತೋಡಿನ ಬದಿಯ ಶೆಡ್ಡಿನಲ್ಲಿರುವ ಹಳೆಯ ಡೀಸೆಲ್ ಎಂಜಿನ್ನಿಗೇ. ಅದು ವಾರಗಟ್ಟಲೆ ನಿಂತರೆ ಹಿಂಗಾರ ಒಣಗುತ್ತದೆ, ಎಳೆಕಾಯಿ ಉದುರುತ್ತದೆ.

ಇಂತಹ ಹೊತ್ತಿನಲ್ಲಿ ಎಂಜಿನ್ ಬಿಚ್ಚಲು ಹೋಗಿ ಸೈಲೆನ್ಸರಿನ ಬೋಲ್ಟು ತುಂಡಾಯಿತು, ಹೆಡ್ಡು ಕಚ್ಚಿ ಹಿಡಿದು ಮೇಲೇಳುವುದಿಲ್ಲ ಎಂಬ ದೂರನ್ನು ನಾವು ಪ್ರತಿ ವರ್ಷ ಕೇಳುತ್ತೇವೆ. ಬೋಲ್ಟು ತುಂಡಾದದ್ದು ದೊಡ್ಡ ನಷ್ಟವಲ್ಲ. ಅದರ ನಂತರ ಸಿಟ್ಟಿನಲ್ಲಿ, ಅವಸರದಲ್ಲಿ ಮಾಡುವ ಕೆಲಸದಿಂದಲೇ ಹೆಡ್ಡು ಒಡೆಯುವುದು, ಕಣ್ಣಿಗೆ ಕಬ್ಬಿಣದ ಚೂರು ಹೊಗುವುದು. ಆದುದರಿಂದ ಈ ವಿಷಯ ಕೃಷಿಗೆ ಸೇರಿದಷ್ಟೇ ಆರೋಗ್ಯಕ್ಕೂ ಸೇರಿದ್ದು.

ಏಕೆ ಕಚ್ಚಿಕೊಳ್ಳುತ್ತದೆ?

ಕಬ್ಬಿಣ ತುಕ್ಕಾದಾಗ ಕರಗಿ ಕಡಿಮೆಯಾಗುತ್ತದೆ ಎಂದು ಹಲವರು ಭಾವಿಸುತ್ತಾರೆ. ನಿಜವಾಗಿ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಬೋಲ್ಟಿನ ಮರೆ ಮತ್ತು ತೂತಿನ ಮರೆಯ ನಡುವೆ ಇರುವ ಕೂದಲೆಳೆಯಷ್ಟು ಸಂದಿಯಲ್ಲಿ ಅದು ಉಬ್ಬಿ ಕುಳಿತಾಗ, ಬೆಣೆ ಹೊಡೆದಂತೆ ಎರಡನ್ನೂ ಬಿಗಿಯುತ್ತದೆ. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಮಳೆಗಾಲವಿಡೀ ಪಂಪಿಗೆ ಕೆಲಸವಿಲ್ಲ. ಸೋರುವ ಶೆಡ್ಡಿನಲ್ಲಿ ಆರು ತಿಂಗಳು ಒದ್ದೆಯಾಗಿ ನಿಂತ ಎಂಜಿನ್ನಿಗೆ ತುಕ್ಕು ಬಾರದೆ ಇದ್ದೀತೇ? ಕಡಲ ಕರೆಯಲ್ಲಿರುವವರಿಗೆ ಉಪ್ಪುಗಾಳಿಯ ಕಾಟ ಬೇರೆ.

ಎರಡನೆಯ ಕಾರಣ ಬಿಸಿ. ಸೈಲೆನ್ಸರಿನ ಪೈಪು ಹೆಡ್ಡಿಗೆ ಸೇರುವಲ್ಲಿ ಬೋಲ್ಟುಗಳು ಪ್ರತಿ ದಿನ ಸುಡುವಷ್ಟು ಕಾಯುತ್ತವೆ, ಸಂಜೆ ತಣಿಯುತ್ತವೆ. ಈ ಕಾಯುವಿಕೆ-ತಣಿಯುವಿಕೆಯಲ್ಲಿ ಹಾಕಿದ ಎಣ್ಣೆಯೆಲ್ಲ ಸುಟ್ಟು ಕರಿಯಾಗಿ ಗಟ್ಟಿಕೊಳ್ಳುತ್ತದೆ, ಬೋಲ್ಟಿನ ಉಕ್ಕೂ ಬಳಲುತ್ತದೆ. ಹೆಡ್ಡಿನ ಸ್ಟಡ್ಡುಗಳ ಕಥೆ ಸ್ವಲ್ಪ ಬೇರೆ. ಗ್ಯಾಸ್ಕೆಟ್ಟಿನಿಂದ ಸೋರಿದ ತಣಿಸುವ ನೀರು ಸ್ಟಡ್ಡು ಮತ್ತು ಹೆಡ್ಡಿನ ತೂತಿನ ನಡುವೆ ಇಳಿದು ಅಲ್ಲಿ ಉದ್ದಕ್ಕೂ ತುಕ್ಕಿನ ಹುಡಿ ತುಂಬುತ್ತದೆ. ನಟ್ಟು ಬಿಚ್ಚಿದರೂ ಹೆಡ್ಡು ಏಳದಿರುವುದಕ್ಕೆ ಇದೇ ಕಾರಣ.

ಬಿಚ್ಚುವ ಮೊದಲು

ಎಂಜಿನ್ ಪೂರ್ತಿ ತಣಿದಿರಲಿ. ಡೀಸೆಲ್ ಬಂದ್ ಮಾಡಿ, ಟ್ಯಾಂಕನ್ನು ಕಳಚಿ ದೂರ ಇಡಿ. ತಣಿಸುವ ನೀರನ್ನು ಪೂರ್ತಿ ಹೊರಗೆ ಬಿಡಿ. ಮೊಬೈಲ್ ಇದ್ದವರು ನಾಲ್ಕು ಕಡೆಯಿಂದ ಚಿತ್ರ ತೆಗೆದುಕೊಂಡರೆ ಮತ್ತೆ ಜೋಡಿಸುವಾಗ ಜಗಳವಿಲ್ಲ.

ನಂತರ ತಂತಿಯ ಬ್ರಶ್ಶಿನಿಂದ ಬೋಲ್ಟಿನ ತಲೆ, ಹೊರಗೆ ಕಾಣುವ ಮರೆ ಎರಡನ್ನೂ ತಿಕ್ಕಿ ಶುದ್ಧ ಮಾಡಿ. ಮೇಲೆ ಮಣ್ಣು ಮತ್ತು ಕರಿ ಇದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ. ತುಕ್ಕು ಬಿಡಿಸುವ ತೆಳು ಎಣ್ಣೆಯ ಸ್ಪ್ರೇ ಡಬ್ಬಿ ಪೇಟೆಯಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಚಿಮಿಣಿ ಎಣ್ಣೆ ಅಥವಾ ಡೀಸೆಲ್ ಆದರೂ ಆಗುತ್ತದೆ. ತೆಂಗಿನೆಣ್ಣೆ, ಗ್ರೀಸು ಇಲ್ಲಿ ಪ್ರಯೋಜನಕ್ಕಿಲ್ಲ. ಅವು ದಪ್ಪ, ಸಂದಿಗೆ ಇಳಿಯಲಾರವು. ಎಣ್ಣೆ ಹಾಕಿದ ಮೇಲೆ ಸುತ್ತಿಗೆಯಿಂದ ಬೋಲ್ಟಿನ ತಲೆಯ ಮೇಲೆ ನೇರವಾಗಿ, ಮೆಲ್ಲಗೆ ಹತ್ತಿಪ್ಪತ್ತು ಪೆಟ್ಟು ಕೊಡಿ. ಈ ಅದುರುವಿಕೆಯಿಂದ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಸಂಜೆ ಒಮ್ಮೆ, ಮಲಗುವ ಮುನ್ನ ಒಮ್ಮೆ, ಬೆಳಗ್ಗೆ ಒಮ್ಮೆ ಹೀಗೆ ಮಾಡಿ. ಒಂದು ರಾತ್ರಿ ಕಾಯುವುದು ನಷ್ಟವಲ್ಲ, ಲಾಭ. ತುಂಡಾದ ಬೋಲ್ಟು ತೆಗೆಯಲು ಎರಡು ದಿನ ಹಿಡಿಯಬಹುದು.

ತಿರುಗಿಸುವ ಬಗೆ

ಎರಡು ಬಾಯಿಯ ಸಾದಾ ಸ್ಪ್ಯಾನರ್ ಇಲ್ಲಿ ಬೇಡ. ಅದು ಬೋಲ್ಟಿನ ತಲೆಯ ಎರಡೇ ಮುಖವನ್ನು ಹಿಡಿಯುವುದರಿಂದ ಮೂಲೆ ಸವೆದು ತಲೆ ದುಂಡಗಾಗುತ್ತದೆ. ರಿಂಗ್ ಸ್ಪ್ಯಾನರ್ ಅಥವಾ ಆರು ಮೂಲೆಯ ಸಾಕೆಟ್ಟನ್ನು ಸರಿಯಾದ ಅಳತೆಯದ್ದೇ ಬಳಸಿ. 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 13ರ ಸ್ಪ್ಯಾನರ್, 10ಕ್ಕೆ 17, 12ಕ್ಕೆ 19.

ಮೊದಲು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಸ್ವಲ್ಪವೇ ಒತ್ತಿ ನೋಡಿ. ಕೂದಲಷ್ಟು ಅಲುಗಿದರೂ ಸಾಕು, ತುಕ್ಕಿನ ಹಿಡಿತ ಬಿಟ್ಟಿತೆಂದು ಅರ್ಥ. ನಂತರ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ ಅರ್ಧ ಕಾಲು ಸುತ್ತು, ನಡುವೆ ಎಣ್ಣೆ. ಹೀಗೆ ಮುಂದೆ-ಹಿಂದೆ ಮಾಡುತ್ತಾ ಬನ್ನಿ. ಒಂದೇ ಸಮನೆ ಬಿಚ್ಚುತ್ತಾ ಹೋದರೆ ಕಿತ್ತುಬಂದ ತುಕ್ಕಿನ ಹುಡಿ ಮುಂದಿನ ಮರೆಯಲ್ಲಿ ಸಿಕ್ಕಿ ಮತ್ತೆ ಕಚ್ಚುತ್ತದೆ.

ಬೋಲ್ಟು ತುಂಡಾಗುವ ಮೊದಲು ಕೈಗೆ ತಿಳಿಸುತ್ತದೆ. ತುಕ್ಕು ಬಿಟ್ಟಾಗ ‘ಟಕ್’ ಎಂಬ ಶಬ್ದದೊಂದಿಗೆ ಬೋಲ್ಟು ಜಗ್ಗನೆ ಬಿಡುತ್ತದೆ. ತುಂಡಾಗುವ ಬೋಲ್ಟು ಹಾಗಲ್ಲ. ಅದು ಬೆಲ್ಲದ ಪಾಕದಂತೆ ಮೆತ್ತಗೆ ತಿರುಗುತ್ತಾ ಬರುತ್ತದೆ, ತಲೆ ತಿರುಗಿದರೂ ಮರೆಯ ಭಾಗ ಅಲ್ಲೇ ಇರುತ್ತದೆ. ಹಾಗೆ ಅನಿಸಿದ ಕೂಡಲೇ ನಿಲ್ಲಿಸಿಬಿಡಿ. ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ಇಬ್ಬರು ಜಗ್ಗುವ ವಾಡಿಕೆ ನಮ್ಮಲ್ಲಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಮಾತು ಇಂಥ ಕಡೆ ಸರಿಯಾಗಿ ಅನ್ವಯಿಸುತ್ತದೆ. ಅಲ್ಲಿಂದ ಮುಂದೆ ಬಲ ಕೆಲಸಕ್ಕೆ ಬಾರದು, ಬಿಸಿ ಬೇಕು.

ಬಿಸಿಯ ಉಪಯೋಗ

ಬಿಸಿಯಾದ ಲೋಹ ಹಿಗ್ಗುತ್ತದೆ ಎಂಬುದು ಶಾಲೆಯ ಪಾಠ. ನಟ್ಟು ಕಚ್ಚಿದ್ದರೆ ವೆಲ್ಡಿಂಗ್ ಅಂಗಡಿಯವರ ಗ್ಯಾಸಿನ ಬೆಂಕಿಯಿಂದ ನಟ್ಟನ್ನು ಮಾತ್ರ ಮಸುಕು ಕೆಂಪಾಗುವ ತನಕ ಕಾಯಿಸಿದರೆ, ಅದು ಹಿಗ್ಗಿ ಸ್ಟಡ್ಡಿನ ಹಿಡಿತ ಬಿಡುತ್ತದೆ. ಬೋಲ್ಟು ಹೆಡ್ಡಿನೊಳಗೆ ಕಚ್ಚಿದ್ದರೆ ಬೋಲ್ಟನ್ನಲ್ಲ, ಅದರ ಸುತ್ತಲಿನ ಹೆಡ್ಡನ್ನು ಕಾಯಿಸಬೇಕು. ಆದರೆ ಹೆಡ್ಡು ಎರಕದ ಕಬ್ಬಿಣದ್ದು. ಅದನ್ನು ಒಂದೇ ಕಡೆ ಕೆಂಪಾಗಿಸಿದರೆ ಬಿರುಕು ಬಿಡುತ್ತದೆ. ನೀರಿನ ಹನಿ ಬಿದ್ದರೆ ಕಾವಲಿಯ ಮೇಲೆ ಕುಣಿದಂತೆ ಕುಣಿಯುವಷ್ಟು ಬಿಸಿ ಸಾಕು. ಬೆಂಕಿಯನ್ನು ಒಂದೇ ಕಡೆ ನಿಲ್ಲಿಸದೆ ಸುತ್ತಲೂ ಆಡಿಸುತ್ತಿರಬೇಕು. ಕಾದ ಎರಕದ ಮೇಲೆ ನೀರು ಸುರಿಯುವುದು ಎಂದಿಗೂ ಕೂಡದು.

ಬಿಸಿ ಇರುವಾಗಲೇ ಮೇಣದ ಬತ್ತಿಯ ತುಂಡೊಂದನ್ನು ಬೋಲ್ಟಿನ ಬುಡಕ್ಕೆ ಮುಟ್ಟಿಸಿ. ಕರಗಿದ ಮೇಣ ಸಂದಿಯೊಳಗೆ ತಾನಾಗಿ ಇಳಿದು ಎಣ್ಣೆಯ ಕೆಲಸ ಮಾಡುತ್ತದೆ. ಉರಿದು ಉಳಿದ ಬತ್ತಿಯ ತುಂಡು ನಮ್ಮ ಮನೆಗಳಲ್ಲಿ ಸಿಗದೆ ಇರಲಾರದು.

ಕೈಯಲ್ಲಿ ಹಿಡಿದು ಒಯ್ಯುವ ಸಣ್ಣ ಪೆಟ್ರೋಲ್ ಮತ್ತು ಚಿಮಿಣಿ ಎಣ್ಣೆಯ ಪಂಪುಗಳ ಹೆಡ್ಡು ಅಲ್ಯೂಮಿನಿಯಮ್ಮಿನದು. ಅದು ಸುಮಾರು 660 ಡಿಗ್ರಿಯಲ್ಲಿ ಕರಗುತ್ತದೆ, ಅದೂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಕೆ ಕೊಡದೆಯೇ. ಅಂಥದ್ದಕ್ಕೆ ಗ್ಯಾಸಿನ ಬೆಂಕಿ ಹಿಡಿಯಲೇಬಾರದು.

ಬೆಂಕಿ ಹಚ್ಚುವ ಮೊದಲು ಶೆಡ್ಡಿನ ಸುತ್ತಲಿನ ಒಣ ಸೋಗೆ, ಹಾಳೆ, ಎಣ್ಣೆ ಬಟ್ಟೆಗಳನ್ನು ದೂರ ಮಾಡಿ. ಸುರಿದ ಚಿಮಿಣಿ ಎಣ್ಣೆಯನ್ನು ಒರಸಿ ಒಣಗಿಸಿ. ಒಂದು ಬಾಲ್ದಿ ಮರಳು ಹತ್ತಿರವಿರಲಿ. ಎಂಜಿನ್ನನ್ನು ಹೊರಗೆ ಬಯಲಿಗೆ ತರಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ತುಂಡಾಗಿಯೇ ಹೋದರೆ

ಇಷ್ಟೆಲ್ಲ ಮಾಡಿದರೂ ಬೋಲ್ಟು ತುಂಡಾದೀತು. ಗಾಬರಿ ಬೇಡ. ಎಲ್ಲಿ ತುಂಡಾಗಿದೆ ಎಂದು ನೋಡಿ.

ತುಂಡು ಹೊರಗೆ ಚಾಚಿಕೊಂಡಿದ್ದರೆ ಅದೃಷ್ಟವೆಂದೇ ತಿಳಿಯಿರಿ. ಹೆಡ್ಡಿನ ಸ್ಟಡ್ಡುಗಳು ಹೆಚ್ಚಾಗಿ ಹೀಗೆಯೇ ಸಿಗುತ್ತವೆ: ಹೆಡ್ಡು ಎತ್ತಿದ ಮೇಲೆ ಒಂದೆರಡು ಅಂಗುಲ ತುಂಡು ಹೊರಗೆ ಉಳಿದಿರುತ್ತದೆ. ಮರೆ ಚೆನ್ನಾಗಿದ್ದರೆ ಎರಡು ನಟ್ಟು ಹಾಕಿ, ಒಂದಕ್ಕೊಂದು ಎದುರಾಗಿ ಬಿಗಿದು, ಕೆಳಗಿನ ನಟ್ಟನ್ನು ತಿರುಗಿಸಿದರೆ ಸ್ಟಡ್ಡು ಬರುತ್ತದೆ. ಮರೆ ಇಲ್ಲದಿದ್ದರೆ ಪೈಪ್ ರೆಂಚು ಹಿಡಿಯಬಹುದು. ಅದಕ್ಕೂ ಮೊದಲು ಎಣ್ಣೆ, ಪೆಟ್ಟು, ಬಿಸಿ ಮೂರನ್ನೂ ಮತ್ತೊಮ್ಮೆ ಮಾಡಿ. ಇಲ್ಲವಾದರೆ ಉಳಿದ ತುಂಡೂ ತುಂಡಾಗುತ್ತದೆ.

ಮೇಲ್ಮೈಗೆ ಸಮವಾಗಿ ತುಂಡಾಗಿದ್ದರೆ ಎಲ್ಲಕ್ಕಿಂತ ಉತ್ತಮ ಉಪಾಯ ವೆಲ್ಡಿಂಗ್. ತುಂಡಿನ ಮೇಲೆ ನಟ್ಟೊಂದನ್ನು ಇಟ್ಟು, ಅದರ ತೂತಿನ ಒಳಗಿನಿಂದ ತುಂಡಿಗೆ ವೆಲ್ಡ್ ಮಾಡಿಸಬೇಕು. ಇದರಿಂದ ಹಿಡಿಯಲು ಹೊಸ ತಲೆ ಸಿಗುವುದಲ್ಲದೆ, ವೆಲ್ಡಿಂಗಿನ ಬಿಸಿ ನೇರವಾಗಿ ಬೋಲ್ಟಿನೊಳಗೆ ಇಳಿದು ತುಕ್ಕಿನ ಹಿಡಿತವನ್ನೂ ಸಡಿಲಿಸುತ್ತದೆ. ಕೆಂಪು ಹೋಗುವ ತನಕ ಕಾದು, ಇನ್ನೂ ಬಿಸಿಯಿರುವಾಗಲೇ ಮುಂದೆ-ಹಿಂದೆ ಅಲುಗಿಸಬೇಕು. ಒಮ್ಮೆ ನಟ್ಟು ಕಿತ್ತುಬಂದರೆ ಎರಡನೆಯ ಸಲ, ಮೂರನೆಯ ಸಲ ವೆಲ್ಡ್ ಮಾಡಿಸಿ. ಪ್ರತಿ ಬಿಸಿಯೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತದೆ.

ಒಳಗೆ ಆಳದಲ್ಲಿ ತುಂಡಾಗಿದ್ದರೆ ಡ್ರಿಲ್ ಮಾಡಬೇಕಾಗುತ್ತದೆ. ಇಲ್ಲಿ ನಡುಬಿಂದು ತಪ್ಪಬಾರದು. ಪಂಚಿನಿಂದ ಸರಿಯಾಗಿ ನಡುವೆ ಗುರುತು ಹೊಡೆದು, ಎಣ್ಣೆ ಬಿಡುತ್ತಾ ನಿಧಾನ ವೇಗದಲ್ಲಿ ಕೊರೆಯಬೇಕು. 10 ಮಿ.ಮೀ. ಬೋಲ್ಟಾದರೆ ಮೊದಲು 3 ಮಿ.ಮೀ., ಆಮೇಲೆ 5 ಮಿ.ಮೀ. ತೂತು. ಬಳಿಕ ಎಡಕ್ಕೆ ತಿರುಗುವ ಮರೆಯಿರುವ ಎಕ್ಸ್‌ಟ್ರಾಕ್ಟರ್ ಹಾಕಿ ತಿರುಗಿಸುವುದು ರೂಢಿ. ಈ ಎಕ್ಸ್‌ಟ್ರಾಕ್ಟರ್ ಬಲು ಗಟ್ಟಿ, ಆದರೆ ಗಾಜಿನಂತೆ ಮುರಿಯುವ ಜಾತಿ. ಅದು ಒಳಗೆ ಮುರಿದರೆ ಸಾದಾ ಡ್ರಿಲ್ಲು ಅದನ್ನು ಕೊರೆಯಲಾರದು. ಆದುದರಿಂದ ಹೆಚ್ಚು ಬಲ ಬೇಕಾಯಿತೆಂದರೆ ಅಲ್ಲಿಗೇ ನಿಲ್ಲಿಸಿ, ತೂತನ್ನು 8.5 ಮಿ.ಮೀ.ಗೆ ದೊಡ್ಡದು ಮಾಡಿಸಿ. ಆಗ ಉಳಿಯುವುದು ಮರೆಯ ತೆಳು ಸುರುಳಿ ಮಾತ್ರ. ಅದನ್ನು ಮೊನೆಯಿಂದ ಎಬ್ಬಿಸಿ ತೆಗೆದು, ಟ್ಯಾಪ್ ಹಾಕಿ ಮರೆಯನ್ನು ಶುದ್ಧ ಮಾಡಬಹುದು. ಆಳ ಮೀರಿ ಕೊರೆಯಬೇಡಿ. ತೂತಿನ ಹಿಂದೆಯೇ ತಣಿಸುವ ನೀರಿನ ಕೋಶ ಇರಬಹುದು. ಈ ಹಂತದ ಕೆಲಸವನ್ನು ಹೆಡ್ಡು ಸಮೇತ ಲೇತ್ ಅಂಗಡಿಗೆ ಒಯ್ದು ಮಾಡಿಸುವುದೇ ಜಾಣತನ. ಮರೆ ಹಾಳಾದರೂ ಅವರು ದೊಡ್ಡ ಮರೆ ಹಾಕಿಯೋ ಒಳಗೆ ಉಕ್ಕಿನ ಸುರುಳಿ ಕೂರಿಸಿಯೋ ಸರಿಮಾಡಿ ಕೊಡುತ್ತಾರೆ.

ಕಚ್ಚಿದ ಹೆಡ್ಡನ್ನು ಎಬ್ಬಿಸುವುದು

ಎಲ್ಲ ನಟ್ಟು ಬಿಚ್ಚಿದರೂ ಹೆಡ್ಡು ಕದಲದಿದ್ದರೆ, ಮೊದಲು ಇನ್ನೆಲ್ಲಾದರೂ ಹಿಡಿದಿದೆಯೇ ನೋಡಿ: ಡೀಸೆಲ್ ಪೈಪು, ನೀರಿನ ಪೈಪು, ಸೈಲೆನ್ಸರು, ಕರಿಯಡಿಯಲ್ಲಿ ಅಡಗಿದ ಒಂದು ನಟ್ಟು. ಅನಂತರ ಪ್ರತಿ ಸ್ಟಡ್ಡಿನ ಸುತ್ತ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಮರುದಿನ ಮರದ ತುಂಡು ಅಡ್ಡವಿಟ್ಟು ಹೆಡ್ಡಿನ ನಾಲ್ಕು ಬದಿಗಳಿಗೂ ಸರದಿಯಂತೆ ಮೆಲ್ಲಗೆ ಹೊಡೆಯಿರಿ. ಒಂದು ಬದಿ ಎದ್ದರೆ ಇನ್ನೊಂದು ಬದಿಯನ್ನೂ ಅಷ್ಟೇ ಎಬ್ಬಿಸಿ ಸಮವಾಗಿ ಮೇಲೆ ತನ್ನಿ. ಓರೆಯಾದರೆ ಸ್ಟಡ್ಡುಗಳಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತದೆ.

ಹೆಡ್ಡು ಮತ್ತು ಬ್ಲಾಕಿನ ನಡುವೆ ಉಳಿ ಅಥವಾ ಸ್ಕ್ರೂಡ್ರೈವರ್ ಹೊಡೆದು ಮೀಟಬೇಡಿ. ಅಲ್ಲಿ ಬಿದ್ದ ಒಂದು ಗೀರಿನಿಂದ ಗ್ಯಾಸು ಮತ್ತು ನೀರು ಎಂದೆಂದಿಗೂ ಸೋರುತ್ತದೆ. ಹೆಡ್ಡಿನ ತೆಳು ರೆಕ್ಕೆಗಳಿಗೆ, ಪೈಪಿನ ಕಿವಿಗಳಿಗೆ ಸುತ್ತಿಗೆ ತಾಗಿಸಲೂಬಾರದು. ಎರಕದ ಕಬ್ಬಿಣ ಮಣಿಯುವುದಿಲ್ಲ, ಒಡೆಯುತ್ತದೆ.

ಕಣ್ಣು, ಉಸಿರು ಮತ್ತು ಕೈ

ಉಕ್ಕಿನ ಮೇಲೆ ಉಕ್ಕು ಹೊಡೆದಾಗ ಚಿಮ್ಮುವ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದು, ಗುಂಡಿನಂತೆ ವೇಗದ್ದು. ಉಳಿಯ ತಲೆ ಹೂವಿನಂತೆ ಅರಳಿದ್ದರೆ ಅದನ್ನು ಅರೆದು ಸರಿಮಾಡದೆ ಬಳಸಬೇಡಿ. ಹೊಡೆಯುವಾಗ, ಕೊರೆಯುವಾಗ, ತಂತಿಯ ಬ್ರಶ್ಶು ತಿಕ್ಕುವಾಗ ಬದಿ ಮುಚ್ಚಿರುವ ಪ್ಲಾಸ್ಟಿಕ್ ಕನ್ನಡಕ ಇರಲೇಬೇಕು. ಸಹಾಯಕ್ಕೆ ನಿಂತವನಿಗೂ ಬೇಕು. ಮಕ್ಕಳು ಬಗ್ಗಿ ನೋಡದಂತೆ ದೂರ ಕಳುಹಿಸಿ.

ಚೂರು ಕಣ್ಣಿಗೆ ಬಿದ್ದರೆ ತಿಕ್ಕಬೇಡಿ. ಬಟ್ಟೆಯ ತುದಿಯಿಂದ ತೆಗೆಯುವುದು, ಎದೆಹಾಲು ಅಥವಾ ಸೊಪ್ಪಿನ ರಸ ಹಿಂಡುವುದು ಇವೆಲ್ಲ ಬೇಡ. ಕಣ್ಣಿನ ಕರಿಗುಡ್ಡೆಯ ಮೇಲೆ ಉಳಿದ ಕಬ್ಬಿಣ ಅಲ್ಲಿಯೇ ತುಕ್ಕಾಗಿ ಉಂಗುರದಂತೆ ಕಲೆ ಮಾಡುತ್ತದೆ. ಸುತ್ತಿಗೆಯ ಕೆಲಸದಲ್ಲಿ ಚೂರು ಒಳಗೇ ಹೊಕ್ಕಿರುವ ಸಂಶಯವಿದ್ದರೆ ಕಣ್ಣನ್ನು ಒತ್ತಬೇಡಿ, ತೊಳೆಯಬೇಡಿ. ಶುದ್ಧವಾದ ಕಾಗದದ ಲೋಟವೊಂದನ್ನು ಕಣ್ಣಿಗೆ ತಾಗದಂತೆ ಮುಚ್ಚಿ ಅಂಟಿಸಿ, ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ನೋವು ಕಡಿಮೆಯಾಯಿತೆಂದು ಸುಮ್ಮನಿರುವುದು ಅಪಾಯ. ಒಳಹೊಕ್ಕ ಚೂರು ಕೆಲವೊಮ್ಮೆ ನೋವನ್ನೇ ಕೊಡುವುದಿಲ್ಲ, ದೃಷ್ಟಿಯನ್ನು ಮಾತ್ರ ಕೊಂಡೊಯ್ಯುತ್ತದೆ. ಹಿಂದೆಂದಾದರೂ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕವರು ಎಂ.ಆರ್.ಐ. ಪರೀಕ್ಷೆಗೆ ಹೋದಾಗ ಆ ವಿಷಯವನ್ನು ಮೊದಲೇ ತಿಳಿಸಬೇಕು. ಅಲ್ಲಿನ ಅಯಸ್ಕಾಂತ ಆ ಚೂರನ್ನು ಅಲುಗಿಸಬಹುದು.

ವೆಲ್ಡಿಂಗಿನ ಬೆಳಕನ್ನು ಬರಿಗಣ್ಣಿನಿಂದ ನೋಡಿದರೆ ಆಗ ಏನೂ ಆಗಿಲ್ಲವೆಂದು ಕಾಣುತ್ತದೆ. ಕೆಲವು ಗಂಟೆಗಳ ಬಳಿಕ, ಹೆಚ್ಚಾಗಿ ರಾತ್ರಿ, ಕಣ್ಣಿಗೆ ಮರಳು ತುಂಬಿದಂತೆ ಉರಿ ಬರುತ್ತದೆ. ಸತುವಿನ ಲೇಪವಿರುವ ಬಿಳಿ ನಟ್ಟನ್ನು ವೆಲ್ಡ್ ಮಾಡುವಾಗ ಬರುವ ಹೊಗೆ ಉಸಿರಾಡಿದರೆ ಸಂಜೆ ಚಳಿಜ್ವರ ಬರುವುದುಂಟು. ಲೇಪವಿಲ್ಲದ ಕಪ್ಪು ನಟ್ಟು ಕೊಡಿ. ಹಳೆಯ ಎಂಜಿನ್‌ಗಳ ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಹಲವು ವರ್ಷಗಳ ಬಳಿಕ ಶ್ವಾಸಕೋಶದ ಕಠಿಣ ರೋಗ ತರುತ್ತದೆ. ಆದುದರಿಂದ ಒಣಗಿದ್ದಾಗ ಕೆರೆದು ಊದಬೇಡಿ. ನೀರಿನಿಂದ ನೆನೆಸಿ ಕೆರೆದು, ಚೀಲದಲ್ಲಿ ಕಟ್ಟಿ ಹಾಕಿ. ತುಕ್ಕು ತಾಗಿ ಕೈ ಕೊಯ್ದರೆ ಸಾಬೂನು-ನೀರಿನಿಂದ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಆಸ್ಪತ್ರೆಯಲ್ಲಿ ವಿಚಾರಿಸಿ.

ಇನ್ನೊಂದು ಮಾತು ಬಹಳ ಮುಖ್ಯ. ಪಂಪು ನೀರನ್ನು ಆರೇಳು ಮೀಟರಿಗಿಂತ ಹೆಚ್ಚು ಆಳದಿಂದ ಎಳೆಯಲಾರದು. ಆದುದರಿಂದ ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಎಂಜಿನ್ನನ್ನು ಬಾವಿಯೊಳಗಿನ ಮೆಟ್ಟಿಲಿಗೆ ಇಳಿಸುವವರಿದ್ದಾರೆ. ಸೈಲೆನ್ಸರಿನ ಎರಡು ಬೋಲ್ಟುಗಳಲ್ಲಿ ಒಂದು ತುಂಡಾದರೂ ‘ಇನ್ನೊಂದು ಇದೆಯಲ್ಲ’ ಎಂದು ಅವರು ಎಂಜಿನ್ ಓಡಿಸಿದರೆ, ಪೈಪಿನ ಮೂಲಕ ಮೇಲೆ ಹೋಗಬೇಕಾದ ಹೊಗೆ ಬಾವಿಯೊಳಗೇ ತುಂಬುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಮತ್ತು ಚಿಮಿಣಿ ಎಣ್ಣೆಯ ಎಂಜಿನ್ನಿನಲ್ಲಿ ಅದು ಹೆಚ್ಚು. ಡೀಸೆಲಿನಲ್ಲಿ ಕಡಿಮೆಯಾದರೂ ಹೊಂಡದಲ್ಲಿ ಜೀವಕ್ಕೆ ಎರವಾಗಬಹುದು. ಮೊದಲು ತಲೆನೋವು, ಆಮೇಲೆ ವಾಕರಿಕೆ, ಬಳಿಕ ಕೈಕಾಲು ಸೋತು ಪ್ರಜ್ಞೆ ತಪ್ಪುತ್ತದೆ. ಬಿದ್ದವನನ್ನು ಎತ್ತಲು ಇಳಿದ ಅಣ್ಣನೋ ತಮ್ಮನೋ ಅಲ್ಲೇ ಬೀಳುತ್ತಾನೆ. ಬಾವಿಯೊಳಗೆ ಎಂಜಿನ್ ಓಡಿಸುವುದೇ ಬೇಡ. ಯಾರಾದರೂ ಬಿದ್ದರೆ ಇಳಿಯದೆ, ಕೂಗಿ ಜನ ಸೇರಿಸಿ, ಅಗ್ನಿಶಾಮಕ ದಳವನ್ನೂ 108 ಆಂಬುಲೆನ್ಸನ್ನೂ ಕರೆಯಿರಿ.

ಮತ್ತೆ ಜೋಡಿಸುವಾಗ

ತೆಗೆದ ಸ್ಟಡ್ಡು, ಬೋಲ್ಟುಗಳನ್ನು ‘ಇನ್ನೂ ನಡೆಯುತ್ತದೆ’ ಎಂದು ಮತ್ತೆ ಹಾಕಬೇಡಿ. ಅಂಗಡಿಯಲ್ಲಿ ತಲೆಯ ಮೇಲೆ 8.8 ಎಂದು ಕೊರೆದಿರುವ ಬೋಲ್ಟು ಕೇಳಿ, ಅದು ಸಾದಾ ಬೋಲ್ಟಿಗಿಂತ ಗಟ್ಟಿ. ಹೆಡ್ಡಿನ ಸ್ಟಡ್ಡು ಮಾತ್ರ ಅದೇ ಎಂಜಿನ್ನಿಗೆ ಮಾಡಿದ್ದೇ ಆಗಬೇಕು. ತೂತಿನ ಮರೆಯನ್ನು ಟ್ಯಾಪ್ ಹಾಕಿ ಶುದ್ಧ ಮಾಡಿ. ಸೈಲೆನ್ಸರಿನ ಬೋಲ್ಟುಗಳ ಮರೆಗೆ ಗ್ರಾಫೈಟ್ ಗ್ರೀಸು ಸ್ವಲ್ಪವೇ ಸವರಿ. ಸಾದಾ ಗ್ರೀಸು ಸುಟ್ಟು ಹೋಗುತ್ತದೆ, ಗ್ರಾಫೈಟ್ ಉಳಿಯುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿ, ನಟ್ಟುಗಳನ್ನು ಒಂದೇ ಸುತ್ತಿಗೆ ಬಿಗಿಯದೆ, ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಎಲ್ಲಕ್ಕಿಂತ ಸುಲಭದ ಕೆಲಸ ಮಳೆಗಾಲಕ್ಕೆ ಮುಂಚಿನದು. ಮೇ ಕೊನೆಯಲ್ಲಿ ಪಂಪು ನಿಲ್ಲಿಸುವಾಗ ತಣಿಸುವ ನೀರು ಖಾಲಿ ಮಾಡಿ, ಸೈಲೆನ್ಸರಿನ ಬಾಯಿಗೆ ಡಬ್ಬ ಮುಚ್ಚಿ, ಹೊರಗೆ ಕಾಣುವ ಬೋಲ್ಟುಗಳಿಗೆಲ್ಲ ಎಣ್ಣೆ ಸವರಿ, ಶೆಡ್ಡಿನ ಮಾಡು ಸೋರದಂತೆ ನೋಡಿಕೊಳ್ಳಿ. ಸೈಲೆನ್ಸರಿನ ಬೋಲ್ಟುಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ಗ್ರಾಫೈಟ್ ಸವರಿ ಮತ್ತೆ ಹಾಕಿದರೆ ಅವು ಎಂದಿಗೂ ಕಚ್ಚಲಾರವು. ಇದಕ್ಕೆ ಅರ್ಧ ದಿನ ಸಾಕು.

ಬೋಲ್ಟಿನ ಬೆಲೆ ಕೆಲವು ರೂಪಾಯಿ, ಹೆಡ್ಡಿನ ಬೆಲೆ ಸಾವಿರಗಳಲ್ಲಿ, ಕಣ್ಣಿಗೆ ಬೆಲೆ ಕಟ್ಟಲಾಗದು. ಕಚ್ಚಿದ ಬೋಲ್ಟಿನ ಮುಂದೆ ಕುಳಿತಾಗ ಈ ಲೆಕ್ಕ ನೆನಪಿರಲಿ. ಬೋಲ್ಟು ಹೋದರೆ ಹೋಗಲಿ, ಹೆಡ್ಡು ಉಳಿಯಲಿ. ಹೆಡ್ಡೇ ಹೋದರೂ ಬಿಚ್ಚಿದವನು ಕ್ಷೇಮವಾಗಿ ಮನೆಗೆ ಬರಲಿ.